ಮಲಗಿ ಓದುವವರ ದೀಪ

ಮಲಗಿಕೊಂಡು ಓದಬಾರದೆಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಕಿರಿಯರು ಮಲಗಿಕೊಂಡು ಓದುತ್ತಲೇ ಬಂದಿದ್ದಾರೆ. ಆ ಕಿರಿಯರೇ ಮುಂದೆ ಹಿರಿಯರಾದಾಗ ತಮ್ಮ ಮಕ್ಕಳಿಗೆ ಅದೇ ಮಾತನ್ನು ಹೇಳಿ, ಅವರ ಕೋಣೆಯ ದೀಪವನ್ನಾರಿಸಿ, ತಮ್ಮ ಕೋಣೆಗೆ ಬಂದು, ದಿಂಬಿಗೊರಗಿ ಪುಸ್ತಕವನ್ನು ತೆರೆಯುತ್ತಾರೆ. ಕಣ್ಣಿಗೆ ಕೇಡು, ಬೆನ್ನಿಗೆ ಕೇಡು, ನಿದ್ರೆಗೆ ಕೇಡು ಎಂದು ಎಷ್ಟು ದೋಷಗಳನ್ನು ಎಣಿಸಿದರೂ ಈ ಅಭ್ಯಾಸವು ಓದುಬರಹವುಳ್ಳ ಮನೆಗಳಿಂದ ತೊಲಗಿದ್ದಿಲ್ಲ. ಇದಕ್ಕೆ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ಹಗಲಿನ ಓದು ಬಹುಮಟ್ಟಿಗೆ ಹೊಟ್ಟೆಪಾಡಿನ ಓದು, ಇಲ್ಲವೆ ಇತರರಿಗಾಗಿ ಮಾಡುವ ಓದು. ರಾತ್ರಿ ಊಟವಾಗಿ, ಬೀದಿಬಾಗಿಲಿಗೆ ಅಗುಳಿ ಬಿದ್ದ ಮೇಲೆ ಓದುವ ಹತ್ತು ಹದಿನೈದು ಪುಟಗಳು ಮಾತ್ರ ಓದುವವನ ಸ್ವಂತ ಸೊತ್ತು.

ಆ ಹತ್ತು ಪುಟಗಳಿಗಾಗಿ ಈಗ ಪುಸ್ತಕದ ಬದಲಿಗೆ ಒಂದು ಯಂತ್ರವನ್ನು ಕೊಳ್ಳುವವರು ಹಲವರಿದ್ದಾರೆ. ಅದಕ್ಕೆ ಇ-ರೀಡರ್ ಎಂದು ಹೆಸರು. ಅಂಥದೊಂದನ್ನು ಆರಿಸಿಕೊಳ್ಳುವುದು ಅಂಗಡಿಯವನಿಗೂ ಗಿರಾಕಿಗೂ ಸಂಬಂಧಪಟ್ಟ ಅಲ್ಪ ವ್ಯವಹಾರವೆಂದು ತೋರಬಹುದು. ಆದರೆ ಶಿವಮೊಗ್ಗೆಯ ಒಂದು ಮನೆಯಲ್ಲಿ ಅದು ಎರಡು ಜೀವಗಳ ನಿದ್ರೆಯ ಪ್ರಶ್ನೆಯಾಗಿ ಪರಿಣಮಿಸಿತು. ಆ ಮನೆಯವರು ಅದನ್ನು ಬಿಡಿಸಿಕೊಂಡ ಬಗೆ ವಾಚಕರಿಗೆ ಪ್ರಯೋಜನವಾದೀತೆಂದು ಇಲ್ಲಿ ಹೇಳಿದೆ.

ಆ ಮನೆಯ ಯಜಮಾನರು ಪ್ರೌಢಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸಿ ನಿವೃತ್ತರಾದ ಉಪಾಧ್ಯಾಯರು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಅವರು ಹಗಲೆಲ್ಲ ಹುಡುಗರ ಉತ್ತರಪತ್ರಿಕೆಗಳನ್ನು ಓದಿ, ರಾತ್ರಿ ಸೊಳ್ಳೆಪರದೆಯೊಳಗೆ ತಮಗೆ ಬೇಕಾದುದನ್ನು ಓದಿದವರು. ತಲೆಯ ಕಡೆಗೆ ಗೋಡೆಗೆ ಹಾಕಿಸಿದ್ದ ದೀಪವು ಹನ್ನೊಂದರವರೆಗೆ ಉರಿಯುತ್ತಿತ್ತು. ಪಕ್ಕದಲ್ಲಿ ಅವರ ಪತ್ನಿ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದರು. ಮದುವೆಯಾದಂದಿನಿಂದ ನಡೆದುಬಂದ ಏರ್ಪಾಡಾದುದರಿಂದ ಅದನ್ನು ಕುರಿತು ಇಬ್ಬರೂ ಆಲೋಚಿಸಿದವರಲ್ಲ.

ಆಕೆಗೆ ಅರುವತ್ತು ದಾಟಿದ ಮೇಲೆ ಒಂದು ದೀರ್ಘವಾದ ಕಾಯಿಲೆಯಾಯಿತು. ಗುಣವಾದರೂ ನಿದ್ರೆ ತೆಳುವಾಯಿತು. ರಾತ್ರಿ ಚೆನ್ನಾಗಿ ನಿದ್ರೆಯಾಗಬೇಕು, ಕೋಣೆಯಲ್ಲಿ ಬೆಳಕಿರಬಾರದು ಎಂದು ವೈದ್ಯರು ಹೇಳಿದರು. ಉಪಾಧ್ಯಾಯರು ಮರುಮಾತಾಡದೆ ಆ ರಾತ್ರಿಯಿಂದಲೇ ಪುಸ್ತಕವನ್ನೂ ಕನ್ನಡಕವನ್ನೂ ಎತ್ತಿಕೊಂಡು ಹಜಾರದ ಕುರ್ಚಿಗೆ ಹೋದರು. ಪತ್ನಿ ಮಲಗಿದ ಮೇಲೆ ಎದ್ದು ಹೋಗುವುದು, ಓದಿ ತೂಕಡಿಕೆ ಬಂದಾಗ ಕತ್ತಲೆಯಲ್ಲಿ ತಡವರಿಸಿಕೊಂಡು ಮರಳುವುದು, ಹೀಗೆ ಎರಡು ವರ್ಷ ನಡೆಯಿತು. ತ್ಯಾಗ ಮಾಡಿದೆನೆಂಬ ಭಾವನೆ ಅವರಲ್ಲಿದ್ದಿತೋ ಇಲ್ಲವೋ, ಬಾಯಲ್ಲಿ ಮಾತ್ರ ಬಂದುದಿಲ್ಲ.

ಆಷಾಢದ ಒಂದು ರಾತ್ರಿ ಮಳೆ ಹಿಡಿದು ಕರೆಂಟು ಹೋಗಿದ್ದಿತು. ಹಜಾರದಿಂದ ಬರುತ್ತ ಹೊಸ್ತಿಲನ್ನು ಎಡವಿ ಉಪಾಧ್ಯಾಯರು ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟು ಹಾಕಿದ್ದರು. ಪಟ್ಟು ಬಿಚ್ಚಿದ ಮೇಲೆ ಕೈ ಆಡಿತು. ಆದರೆ ದಪ್ಪ ಪುಸ್ತಕವನ್ನು ಎತ್ತಿ ಹಿಡಿಯುವ ಬಲ ಮರಳಲಿಲ್ಲ. ಅವರು ಇನ್ನು ರಾತ್ರಿಯ ಓದು ಬೇಡವೆಂದು ತಾವೇ ನಿರ್ಣಯಿಸಿ, ಒಂಬತ್ತೂವರೆಗೆ ದೀಪವಾರಿಸಿ ಮಲಗತೊಡಗಿದರು. ಮಲಗಿ ಕಣ್ಣು ಬಿಟ್ಟುಕೊಂಡಿರುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಪತ್ನಿಯೇ ಮಾತೆತ್ತಿದರು. “ದೀಪ ಉರಿದರೆ ನನಗೆ ಎಚ್ಚರವಾಗುವುದು ನಿಜ. ಆದರೆ ನೀವು ಹಜಾರಕ್ಕೆ ಹೋದ ಮೇಲೆ ನಾನು ನಿದ್ರೆ ಮಾಡಿದೆನೆಂದು ನಿಮಗೆ ಯಾರು ಹೇಳಿದರು? ನೀವು ಬಂದು ಮಲಗುವವರೆಗೂ ಕಿವಿ ಹಜಾರದಲ್ಲೇ ಇರುತ್ತಿತ್ತು. ಬಿದ್ದ ಸದ್ದು ಕೇಳಿದಾಗ ನಾನು ಮಲಗಿದ್ದರೆ ತಾನೆ ಏಳುವುದು?”

“ಮತ್ತೆ ಎರಡು ವರ್ಷ ಹೇಳಲಿಲ್ಲವಲ್ಲ?” ಎಂದರು ಉಪಾಧ್ಯಾಯರು.

“ನೀವು ಹೇಳಿ ಹೋಗಿದ್ದಿರೇನು?” ಎಂದರು ಆಕೆ.

ಇಬ್ಬರೂ ಒಬ್ಬರ ನಿದ್ರೆಯನ್ನು ಮತ್ತೊಬ್ಬರು ಕಾಯುತ್ತ ಎಚ್ಚರವಾಗಿದ್ದರೆಂಬುದು ಅಂದು ಬೆಳಕಿಗೆ ಬಂದಿತು. ಓದು ಮರಳಿ ಹಾಸಿಗೆಗೇ ಬರಬೇಕೆಂದು ಗೊತ್ತಾಯಿತು. ಅದು ಹೇಗೆ ಬರಬೇಕೆಂಬುದೊಂದು ಉಳಿಯಿತು.

ಮೊದಲು ಪುಸ್ತಕದ ರಟ್ಟಿಗೆ ಕಚ್ಚಿಕೊಳ್ಳುವ ಪುಟ್ಟ ದೀಪವೊಂದನ್ನು ತರಿಸಿ ನೋಡಿದರು. ಬೆಳಕು ಹಾಳೆಯ ಮೇಲೆ ಬಿದ್ದಷ್ಟೇ ಪರದೆಯ ಮೇಲೂ ಬಿದ್ದಿತು. ಪುಸ್ತಕದ ಭಾರಕ್ಕೆ ದೀಪದ ಭಾರವೂ ಸೇರಿ ಕೈ ಸೋತಿತು. ಆಮೇಲೆ ಮೊಬೈಲು. ಅದರ ಗಾಜಿನ ಹಿಂದಿನಿಂದ ಬರುವ ಬೆಳಕು ಕಣ್ಣಿಗೆ ನೇರವಾಗಿ ಹೊಡೆಯಿತು. ನಡುನಡುವೆ ಬಂಧುಬಳಗದವರ ಶುಭರಾತ್ರಿಯ ಸಂದೇಶಗಳು ಬಂದು ಪುಟವನ್ನೇ ಮುಚ್ಚಿದವು. ಬೆಂಗಳೂರಿನಲ್ಲಿರುವ ಮಗಳು ಟೆಲಿಫೋನಿನಲ್ಲಿ ಇದನ್ನು ಕೇಳಿ, ಈ ವಿಷಯದಲ್ಲಿ ನಡೆದ ಒಂದು ಪರೀಕ್ಷೆಯ ಸಂಗತಿಯನ್ನು ತಿಳಿಸಿದಳು. ಬಾಸ್ಟನ್ನಿನ ಸಂಶೋಧಕರು 12 ಮಂದಿಯನ್ನು ಆಸ್ಪತ್ರೆಯಲ್ಲಿರಿಸಿಕೊಂಡು, ಐದು ರಾತ್ರಿ ಬೆಳಗುವ ಟ್ಯಾಬ್ಲೆಟ್ಟಿನಲ್ಲಿಯೂ ಐದು ರಾತ್ರಿ ಅಚ್ಚಿನ ಪುಸ್ತಕದಲ್ಲಿಯೂ ಮಲಗುವ ಮುನ್ನ ನಾಲ್ಕು ನಾಲ್ಕು ಗಂಟೆ ಓದಿಸಿದರು. ಅದರ ಫಲವನ್ನು 2015ರಲ್ಲಿ ಪ್ರಕಟಿಸಿದರು. ಟ್ಯಾಬ್ಲೆಟ್ಟಿನಲ್ಲಿ ಓದಿದಾಗ ನಿದ್ರೆ ಹತ್ತಲು ಸುಮಾರು ಹತ್ತು ನಿಮಿಷ ಹೆಚ್ಚು ಬೇಕಾಯಿತು. ನಿದ್ರೆಯ ಹೊತ್ತನ್ನು ದೇಹಕ್ಕೆ ಸೂಚಿಸುವ ಮೆಲಟೋನಿನ್ ಎಂಬ ರಸವು ಒಂದೂವರೆ ಗಂಟೆ ತಡವಾಗಿ ಏರಿತು. ಆದರೆ ಆ ಟ್ಯಾಬ್ಲೆಟ್ಟುಗಳನ್ನು ಮಂದವಾದ ಕೋಣೆಯಲ್ಲಿ ಪೂರ್ಣ ಪ್ರಕಾಶದಲ್ಲಿ ಉರಿಸಿದ್ದರು. ಆದಕಾರಣ ಆ ತೀರ್ಪನ್ನು ಎಲ್ಲ ಬಗೆಯ ಓದುಯಂತ್ರಗಳಿಗೂ ಹಾಗೆಯೇ ಹೊರಿಸುವುದು ನ್ಯಾಯವಲ್ಲ.

ಬೇರೆ ಬಗೆ ಯಾವುದೆಂದರೆ, ವಿದ್ಯುತ್ ಕಾಗದ. 1997ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ ಇ ಇಂಕ್ ಎಂಬ ಸಂಸ್ಥೆಯು ಇದನ್ನು ಬೆಳೆಸಿತು. ಕೂದಲೆಳೆಯ ದಪ್ಪಕ್ಕೆ ಹತ್ತಿರವಾದ ಅತಿಸೂಕ್ಷ್ಮವಾದ ಗುಳಿಗೆಗಳೊಳಗೆ ತಿಳಿಯಾದ ಒಂದು ದ್ರವ. ಅದರಲ್ಲಿ ಬಿಳಿಯ ಕಣಗಳೂ ಕರಿಯ ಕಣಗಳೂ ತೇಲುತ್ತಿರುತ್ತವೆ. ಎರಡಕ್ಕೂ ವಿರುದ್ಧವಾದ ವಿದ್ಯುದಂಶ. ಒತ್ತಡವನ್ನು ಬದಲಿಸಿದಂತೆ ಒಂದು ಬಗೆ ಮೇಲೆ ಬರುತ್ತದೆ, ಮತ್ತೊಂದು ತಳ ಸೇರುತ್ತದೆ. ಹೀಗೆ ಮೂಡಿದ ಅಕ್ಷರಗಳು ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಹಾಗೆಯೇ ನಿಲ್ಲುತ್ತವೆ. ಆದುದರಿಂದಲೇ ಇಂಥ ಯಂತ್ರವನ್ನು ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬಾಳುತ್ತದೆ. 2004ರಲ್ಲಿ ಸೋನಿ ಸಂಸ್ಥೆಯು ಜಪಾನಿನಲ್ಲಿ ಈ ಕಾಗದದ ಲಿಬ್ರಿಯೆಯನ್ನೂ, 2007ರಲ್ಲಿ ಅಮೆಜಾನ್ ಸಂಸ್ಥೆಯು ಕಿಂಡಲನ್ನೂ ಮಾರಾಟಕ್ಕೆ ತಂದವು. ಆದರೆ ಇವು ಕಾಗದದಂತೆಯೇ ಹೊರಗಿನ ಬೆಳಕನ್ನು ಬೇಡುವಂಥವು. ಮಲಗಿ ಓದುವವನ ತೊಡಕು ಇವುಗಳಿಂದ ಪರಿಹಾರವಾಗಲಿಲ್ಲ. 2012ರಲ್ಲಿ ನೂಕ್, ಕೋಬೊ, ಕಿಂಡಲ್ ಈ ಮೂರರಲ್ಲಿಯೂ ಒಳದೀಪದ ಯಂತ್ರಗಳು ಬಂದವು. ಅವುಗಳಲ್ಲಿ ದೀಪವು ಪುಟದ ಹಿಂದಿಲ್ಲ. ಅಂಚಿನಲ್ಲಿ ಅಡಗಿಸಿದ ಸಣ್ಣ ದೀಪಗಳ ಬೆಳಕು ಪುಟದ ಮೇಲಿರುವ ತೆಳ್ಳನೆಯ ಹಾಳೆಯೊಂದರಲ್ಲಿ ಹರಡಿ, ಕೆಳಮುಖವಾಗಿ ಅಕ್ಷರಗಳ ಮೇಲೆ ಬಿದ್ದು, ಕಾಗದದಿಂದ ಪ್ರತಿಫಲಿಸುವಂತೆಯೇ ಕಣ್ಣಿಗೆ ಮರಳುತ್ತದೆ. 2016ರಲ್ಲಿ ಬಂದ ಕೋಬೊ ಔರಾ ಒನ್ ಎಂಬುದರಲ್ಲಿ ಈ ಬೆಳಕನ್ನು ಬಿಳುಪಿನಿಂದ ಕಿತ್ತಳೆಯ ಛಾಯೆಗೆ ತಿರುಗಿಸುವ ಅನುಕೂಲವಿತ್ತು. ಅಂಥ ಅನುಕೂಲವು ಆಮೇಲೆ ಹಲವು ಯಂತ್ರಗಳಿಗೆ ಬಂದಿತು.

ಮಗಳು ದೀಪಾವಳಿಗೆ ಬಂದಾಗ ತನ್ನದೊಂದು ಯಂತ್ರವನ್ನು ತಂದು ತಂದೆಯ ಕೈಯಲ್ಲಿಟ್ಟಳು. ಮೂರು ರಾತ್ರಿ ಪರೀಕ್ಷೆ ನಡೆಯಿತು. ಪರೀಕ್ಷಕರು ಓದುವವರಲ್ಲ, ಪಕ್ಕದಲ್ಲಿ ಮಲಗಿದವರು. ಮೊದಲ ರಾತ್ರಿ ಬೆಳಕನ್ನು ಅರ್ಧಕ್ಕಿಟ್ಟು ಓದಿದರು; ಪರದೆಯೊಳಗೆಲ್ಲ ಬೆಳುದಿಂಗಳಿನಂತಾಯಿತೆಂದು ಆಕೆ ಹೇಳಿದರು. ಎರಡನೆಯ ರಾತ್ರಿ ಬೆಳಕನ್ನು ಅತಿ ಕೆಳಗಿಳಿಸಿ, ಛಾಯೆಯನ್ನು ಕಿತ್ತಳೆಗೆ ತಿರುಗಿಸಿದರು. ಬೆಳಕಿನ ತಂಟೆ ಹೋಯಿತು. ಆದರೆ ಆಗಾಗ್ಗೆ ಪುಟ ತಿರುಗುವಾಗ ಕರಿಬಿಳಿಯ ಒಂದು ಮಿಂಚು ಮುಚ್ಚಿದ ರೆಪ್ಪೆಯ ಮೇಲೂ ಕಾಣುತ್ತದೆಂದು ಆಕ್ಷೇಪಣೆ ಬಂದಿತು. ಹಿಂದಿನ ಪುಟದ ಕಲೆ ಉಳಿಯದಂತೆ ಯಂತ್ರವು ಇಡಿಯ ಪುಟವನ್ನು ಒಮ್ಮೆ ಕಪ್ಪುಮಾಡಿ ತೊಳೆಯುವುದೇ ಆ ಮಿಂಚು. ಅಧ್ಯಾಯಕ್ಕೊಮ್ಮೆ ಮಾತ್ರ ತೊಳೆಯುವಂತೆ ಮಗಳು ಕಟ್ಟುಮಾಡಿದಳು. ಮೂರನೆಯ ರಾತ್ರಿ ಆಕ್ಷೇಪಣೆ ಬರಲಿಲ್ಲ. ಬೆಳಿಗ್ಗೆ ಕೇಳಿದಾಗ, ಯಾವಾಗ ನಿದ್ರೆ ಬಂದಿತೋ ತಿಳಿಯದೆಂದು ಉತ್ತರ ಬಂದಿತು. ಮಳೆಗಾಲದ ಹುಳುಗಳು ಈ ಬೆಳಕಿಗೆ ಮುತ್ತುವುದಿಲ್ಲವೆಂಬುದೂ ಪರದೆಯೊಳಗಿನವರಿಗೆ ಒಂದು ಲಾಭವಾಗಿ ಕಂಡಿತು.

ಬೆಳಕಿನ ಪರೀಕ್ಷೆಯಲ್ಲಿ ಗೆದ್ದ ಆ ಯಂತ್ರವು ಕನ್ನಡದ ಪರೀಕ್ಷೆಯಲ್ಲಿ ಸೋತಿತು. ಮಗಳು ಅದರಲ್ಲಿ ಇಂಗ್ಲಿಷನ್ನು ಮಾತ್ರ ಓದುತ್ತಿದ್ದವಳು. ತಂದೆಗಾಗಿ ಕನ್ನಡದ ಪುಸ್ತಕವೊಂದನ್ನು ಅದಕ್ಕೆ ತುಂಬಿದಾಗ ಒತ್ತಕ್ಷರಗಳು ಕಟ್ಟು ಕಳಚಿ ಬಿದ್ದವು. ಕಂಪ್ಯೂಟರಿನಲ್ಲಿ ‘ಕ್ಷ’ ಎಂಬುದು ಒಂದೇ ಅಕ್ಷರವಾಗಿರುವುದಿಲ್ಲ. ಕಕಾರ, ಅರ್ಧಾಕ್ಷರದ ಚಿಹ್ನೆ, ಷಕಾರ ಎಂದು ಮೂರು ಸಂಕೇತಗಳಾಗಿರುತ್ತದೆ. ಅವನ್ನು ಕೂಡಿಸಿ ಒತ್ತನ್ನು ಕೆಳಗೆ ಜೋಡಿಸುವ ಕೆಲಸವನ್ನು ಓದಿಸುವ ತಂತ್ರಾಂಶವೇ ಮಾಡಬೇಕು. ಅದು ತಿಳಿಯದ ಯಂತ್ರದಲ್ಲಿ ‘ರಾಷ್ಟ್ರ’ವು ಒಂದು ಗೆರೆಯಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ಉಪಾಧ್ಯಾಯರು ಒಂದು ಪುಟವನ್ನು ನೋಡಿ, ಒಂದನೆಯ ತರಗತಿಯ ಹುಡುಗನ ಕಾಪಿ ಪುಸ್ತಕವೂ ಇದಕ್ಕಿಂತ ಮೇಲೆಂದು ಹೇಳಿ ಹಿಂದಿರುಗಿಸಿದರು.

ಕನ್ನಡಿಗರು ಈ ಯಂತ್ರಗಳನ್ನು ಆರಿಸುವಾಗ ಇತರರಿಗಿಲ್ಲದ ಚಿಂತೆಯೊಂದನ್ನು ಹೊರಬೇಕಾಗಿ ಬಂದಿದೆಯೆಂಬುದು ಸತ್ಯ. 2016ರಲ್ಲಿ ಅಮೆಜಾನ್ ಸಂಸ್ಥೆಯು ಭಾರತೀಯ ಭಾಷೆಗಳ ಪುಸ್ತಕಗಳಿಗೆಂದು ಕಿಂಡಲ್ ಅಂಗಡಿಯಲ್ಲಿ ವಿಭಾಗ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಈ ಐದನ್ನು ಸೇರಿಸಿಕೊಂಡಿತು. ಕನ್ನಡ ಆ ಐದರಲ್ಲಿರಲಿಲ್ಲ. ಹೊರಗಿನವರನ್ನಷ್ಟೇ ದೂರಿ ಫಲವಿಲ್ಲ. ಕನ್ನಡದ ಮುದ್ರಣಾಲಯಗಳಲ್ಲಿ ಡಿಟಿಪಿ ಬಂದಾಗಿನಿಂದ ಬಹುಕಾಲ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನಿಟ್ಟು ಜೋಡಿಸುವ ಪದ್ಧತಿಯಿತ್ತು. ಅಂಥ ಕಡತದಿಂದ ಆ ಅಚ್ಚಿನ ಫಾಂಟನ್ನು ತೆಗೆದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನು ಯೂನಿಕೋಡಿಗೆ ತಿರುಗಿಸಿ ತಪ್ಪು ತಿದ್ದಿದಲ್ಲದೆ ಯಂತ್ರಕ್ಕೆ ಹೋಗುವಂತಿಲ್ಲ. ಹಳೆಯ ಪುಸ್ತಕಗಳು ಚಿತ್ರರೂಪದಲ್ಲಿ ಬೇಕಾದಷ್ಟು ದೊರೆಯುತ್ತವೆ. ಆದರೆ ಡೆಮಿ ಅಷ್ಟದಳದ ಪುಟವನ್ನು 6 ಇಂಚಿನ ಯಂತ್ರದಲ್ಲಿ ತುಂಬಿದರೆ ಅಕ್ಷರಗಳು ಸುಮಾರು ಮೂರರಲ್ಲೆರಡು ಪಾಲಿಗೆ ಕುಗ್ಗುತ್ತವೆ. ಅರುವತ್ತೈದರ ಕಣ್ಣಿಗೆ ಅದು ಓದಲ್ಲ, ಶಿಕ್ಷೆ.

ಇಷ್ಟು ಅನುಭವವಾದ ಮೇಲೆ ಪತ್ನಿಯು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಯಂತ್ರಕ್ಕೆ ಇರತಕ್ಕ ಲಕ್ಷಣಗಳನ್ನು ಬರೆದರು. ಬೆಳಕು ಮಂದವಾಗಿಯೂ ಬೆಚ್ಚಗೂ ಆಗಬೇಕು. ಎಡಗೈಯೊಂದರಲ್ಲಿಯೇ ಹಿಡಿಯುವಂತಿರಬೇಕು, ಪುಟವನ್ನು ಅದೇ ಕೈಯ ಹೆಬ್ಬೆರಳಿನಿಂದ ತಿರುಗಿಸುವಂತಿರಬೇಕು. ಮುಖದ ಮೇಲೆ ಬಿದ್ದರೆ ಮೂಗು ಉಳಿಯಬೇಕು. ಕನ್ನಡವು ಕನ್ನಡವಾಗಿಯೇ ಕಾಣಬೇಕು. ಇದರ ಜೊತೆಗೆ ಉಪಾಧ್ಯಾಯರು ತಮ್ಮದೊಂದನ್ನು ಸೇರಿಸಿದರು: ಗದುಗಿನ ಭಾರತವನ್ನು ಓದಲು ಬರಬೇಕು.

ಈ ಕೊನೆಯದನ್ನು ಮಗಳು ಹಾಸ್ಯವೆಂದು ತಿಳಿದಿದ್ದಳು, ಅದು ಹಾಸ್ಯವಾಗಿರಲಿಲ್ಲ. ಭಾಮಿನಿ ಷಟ್ಪದಿಯಲ್ಲಿ ಮೊದಲಿನ ಎರಡು ಪಾದಗಳಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆಗಳಾದರೆ ಮೂರನೆಯದಕ್ಕೆ ಇಪ್ಪತ್ತಮೂರು. ಉತ್ತರಾರ್ಧವೂ ಅದೇ ಕ್ರಮ. ಮುದಿಗಣ್ಣಿಗೆ ತಕ್ಕಂತೆ ಅಕ್ಷರವನ್ನು ದಪ್ಪಮಾಡಿದೊಡನೆ ಸಣ್ಣ ಪುಟದಲ್ಲಿ ಮೂರನೆಯ ಮತ್ತು ಆರನೆಯ ಪಾದಗಳು ನಡುವೆ ಮುರಿದು ಕೆಳಗಿನ ಸಾಲಿಗೆ ಜಾರುತ್ತವೆ. ಆರು ಪಾದದ ಪದ್ಯಕ್ಕೆ ಎಂಟು ಕಾಲು ಬರುತ್ತದೆ, ಲಯವು ಕುಂಟುತ್ತದೆ. ಪುಟವನ್ನು ಅಡ್ಡಲಾಗಿ ತಿರುಗಿಸಿ ಹಿಡಿಯಲು ಬಂದರೆ ಮಾತ್ರ ಪದ್ಯವು ತನ್ನ ಆಕಾರದಲ್ಲಿ ನಿಲ್ಲುತ್ತದೆ. ಹಾಗೆಂದು 10 ಇಂಚಿನದನ್ನು ಕೊಳ್ಳೋಣವೆಂದರೆ ತೂಕವು 400 ಗ್ರಾಮಿನ ಆಸುಪಾಸಿಗೆ ಹೋಗುತ್ತದೆ. ಮೂಗಿನ ನಿಯಮ ಮುರಿಯುತ್ತದೆ.

ಮಗಳು ತೂಕಗಳ ಪಟ್ಟಿ ಮಾಡಿದಳು. 2022ರ ಸಾಧಾರಣ ಕಿಂಡಲು 6 ಇಂಚು, 158 ಗ್ರಾಮು. ಅತ್ಯಂತ ಹಗುರ, ಆದರೆ ಅದರಲ್ಲಿ ಬೆಳಕಿನ ಛಾಯೆ ಬದಲಾಗದು. 2021ರ ಕಿಂಡಲ್ ಪೇಪರ್‌ವೈಟು 6.8 ಇಂಚು, 205 ಗ್ರಾಮು. ಛಾಯೆ ಬದಲಾಗುತ್ತದೆ, ಪುಟ ತಿರುಗಿಸಲು ಗುಂಡಿಯಿಲ್ಲ. ಅದೇ ವರ್ಷದ ಕೋಬೊ ಲಿಬ್ರಾ 2 ಎಂಬುದು 7 ಇಂಚು, 215 ಗ್ರಾಮು. ಒಂದು ಅಂಚು ಅಗಲವಾಗಿ ಅದರಲ್ಲಿ ಎರಡು ಗುಂಡಿಗಳು. ತಲೆಕೆಳಗೆ ಮಾಡಿದರೆ ಅಕ್ಷರಗಳೂ ತಿರುಗಿ ಎಡಗೈಗೆ ಒದಗುತ್ತದೆ. ಕೋಬೊ ಸಂಸ್ಥೆಯ ಮೂಲಸ್ಥಾನ ಕೆನಡಾದ ಟೊರಾಂಟೊ. ಅಲ್ಲಿಂದ ಊರಿಗೆ ಬರುತ್ತಿದ್ದ ಮಗಳ ಗೆಳತಿಯೊಬ್ಬಳು ಅದನ್ನು ತಂದುಕೊಟ್ಟಳು. ಕನ್ನಡದ ಕಟ್ಟು ಬಿಗಿಯಲು ಕೋರೀಡರ್ ಎಂಬ ತಂತ್ರಾಂಶವನ್ನು ಮಗಳು ಅದರಲ್ಲಿ ಇರಿಸಿದಳು. ಅದನ್ನು ಮಾಡಿದವರು ಯಾರಿಂದಲೂ ಬೆಲೆ ಕೇಳುವುದಿಲ್ಲ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟುಗಳು ಸಹ ಹಾಗೆಯೇ ಹಣ ಕೊಡದೆ ದೊರೆತವು.

ಯಂತ್ರವು ಬಂದ ದಿನ ಪತ್ನಿಯು ಒಂದು ಸಾಲು ಬರೆದುಕೊಟ್ಟು ಅದನ್ನು ತೋರಿಸೆಂದರು: ರಾಷ್ಟ್ರ, ಅರ್ಘ್ಯ, ಉಜ್ಜ್ವಲ, ಸ್ತ್ರೀ, ಕಾರ್ತ್ಸ್ನ್ಯ. ಒತ್ತುಗಳು ತಮ್ಮ ತಮ್ಮ ಸ್ಥಾನದಲ್ಲಿದ್ದವು. ಅರ್ಕಾವೊತ್ತು ಎಲ್ಲಿರಬೇಕೋ ಅಲ್ಲಿತ್ತು. ಸಾಲುಗಳ ನಡುವೆ ಅಂತರ ಸಾಲದೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಗುಡಿಸುಗಳಿಗೆ ತಾಕುತ್ತಿದ್ದವು. ಅದನ್ನು ಹಿಗ್ಗಿಸಿದ ಮೇಲೆ ಸರಿಹೋಯಿತು. “ಇದು ಆಗಬಹುದು” ಎಂದು ಆಕೆ ತೀರ್ಪು ಕೊಟ್ಟರು.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಉಪಾಧ್ಯಾಯರಿಗೆ ಬೇಕಾದ ಪುಸ್ತಕಗಳಲ್ಲಿ ಬಹುಪಾಲು ಇನ್ನೂ ಕಪಾಟಿನಲ್ಲಿಯೇ ಇವೆ, ಯಂತ್ರದೊಳಕ್ಕೆ ಬರುವ ರೂಪದಲ್ಲಿಲ್ಲ. ಚಿತ್ರರೂಪದ ಹಳೆಯ ಗ್ರಂಥಗಳ ಅಂಚುಗಳನ್ನು ಕತ್ತರಿಸಿ, ಪುಟವನ್ನು ಅಡ್ಡಲಾಗಿ ಹಿಡಿದು, ಅರ್ಧರ್ಧವಾಗಿ ಓದಬೇಕಾಗುತ್ತದೆ. ಪುಸ್ತಕದ ಬಲಗಡೆಯ ಪುಟದ ಕೆಳಭಾಗದಲ್ಲಿ ಕಂಡಿದ್ದೆನೆಂದು ನೆನೆದು ತಿರುವಿ ಹುಡುಕುವ ಸುಖ ಇದರಲ್ಲಿಲ್ಲ. ಹಿಂದೆ ಪತ್ನಿಯು ಅರೆನಿದ್ರೆಯಲ್ಲಿ, “ಎಷ್ಟು ಪುಟ ಉಳಿಯಿತು?” ಎಂದು ಕೇಳಿದರೆ ಉಪಾಧ್ಯಾಯರು ಬೆರಳುಗಳ ನಡುವೆ ದಪ್ಪವನ್ನು ಹಿಡಿದು ಹೇಳುತ್ತಿದ್ದರು. ಈಗ, “ನೂರಕ್ಕೆ ಮೂವತ್ತೇಳು ಆಗಿದೆ” ಎನ್ನುತ್ತಾರೆ. “ನಿಮ್ಮ ಹುಡುಗರ ಅಂಕದ ಹಾಗಾಯಿತು” ಎಂದು ಆಕೆ ನಗುತ್ತಾರೆ. ಆದರೆ ಆ ನಗೆ ಪಕ್ಕದ ದಿಂಬಿನಿಂದ ಬರುತ್ತದೆ.

ಹಾಸಿಗೆಯ ಓದಿಗೆಂದು ಯಂತ್ರವನ್ನು ಕೊಳ್ಳತಕ್ಕವರು ಅದರ ಇಂಚುಗಳನ್ನೂ ಗ್ರಾಮುಗಳನ್ನೂ ಅವಶ್ಯವಾಗಿ ಎಣಿಸಲಿ. ಒಂದು ಕನ್ನಡ ಪುಟವನ್ನು ಕಣ್ಣಾರೆ ನೋಡದೆ ಹಣ ಕೊಡದಿರಲಿ. ಎಲ್ಲಕ್ಕೂ ಮೊದಲು ಪಕ್ಕದಲ್ಲಿ ಮಲಗುವವರನ್ನು ಬಾಯಿಬಿಟ್ಟು ಕೇಳಲಿ. ಒಬ್ಬರಿಗೊಬ್ಬರು ಕೇಳದೆ ಮಾಡಿದ ಉಪಕಾರಕ್ಕೆ ಆ ಮನೆಯವರು ಎರಡು ವರ್ಷದ ನಿದ್ರೆಯನ್ನೂ ಒಂದು ಮಣಿಕಟ್ಟನ್ನೂ ತೆತ್ತರು. ಹನ್ನೊಂದರ ಹೊತ್ತಿಗೆ ಯಂತ್ರವು ಉಪಾಧ್ಯಾಯರ ಎದೆಯ ಮೇಲೆ ಮಗುಚಿಕೊಂಡು, ಕೆಲವು ನಿಮಿಷಗಳಲ್ಲಿ ತಾನೇ ಆರುತ್ತದೆ. ನಡುರಾತ್ರಿ ಎಚ್ಚರವಾದರೆ ಆಕೆ ಅದನ್ನೂ ಕನ್ನಡಕವನ್ನೂ ತೆಗೆದು ಮಗ್ಗುಲಿನ ಸ್ಟೂಲಿನ ಮೇಲಿಟ್ಟು ಮತ್ತೆ ಮಲಗುತ್ತಾರೆ. ಹಜಾರದ ಕುರ್ಚಿಯ ಮೇಲೆ ಈಗ ಒಣಗಿದ ಬಟ್ಟೆಗಳನ್ನು ಮಡಿಸಿಡುತ್ತಾರೆ.